ಚಿಮಟಾದ ಬಾಯಿಗೆ ಔಡಲೆಣ್ಣೆ

ಚಿಮಟಾದ್ದು ಏನೂ ತಪ್ಪಿರಲಿಲ್ಲ. ಅದರ ಬಾಯೊಳಗೆ ಔಡಲೆಣ್ಣೆ ಬಿಟ್ಟವಳು ನಾನು. ಬಿಟ್ಟದ್ದು ಗೊತ್ತಿದ್ದೂ ಮೂರು ದಿನ ಸುಮ್ಮನೆ ಕೂತವಳೂ ನಾನೇ. ಯಾರು ಹೇಗೆ ಬೇಕಾದರೂ ಹೇಳಿಕೊಳ್ಳಲಿ, ನಡೆದದ್ದು ಇಷ್ಟು.

ಚಿಮಟಾ ಎಂದರೆ ಒಲೆಯ ಕೆಂಡ ಹಿಡಿಯುವುದಲ್ಲ. ಇದು ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದು ನಿಲ್ಲಿಸುವಂಥದ್ದು. ಗೇಣುದ್ದದ ಕಂಬ, ಕಂಬದ ತಲೆಯಲ್ಲಿ ಗುಬ್ಬಿಯ ಕೊಕ್ಕಿನಂಥ ಎರಡು ದವಡೆ, ಹಿಂದೆ ತಿರುವಲು ಪುಟ್ಟ ಹಿಡಿಕೆ. ದವಡೆಗೆ ಮೀನಿನ ಗಾಳ ಕಚ್ಚಿಸಿ ಹಿಡಿಕೆ ತಿರುವಿದರೆ ಗಾಳ ನಿಂತಲ್ಲೇ ಗಿರಗಿರ ಸುತ್ತುತ್ತದೆ. ಸುಧಾ ಇದನ್ನು ವೈಸ್ ಎನ್ನುತ್ತಾಳೆ. ನನಗೆ ಇದು ತಿರುಗೋ ಚಿಮಟಾ.

ಸುಧಾ ನನ್ನ ಮಗನ ಮಗಳು. ಹಿರೇಕೆರೂರಿನ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿ ಬಂದಿದ್ದಾಳೆ. ತವರೂರು ಆಡೂರಿನ ಸಾಲೆಯಲ್ಲಿ ಮೂರನೇ ಇಯತ್ತೆಗೆ ಪಾಟಿ ಕೆಳಗಿಟ್ಟವಳು ನಾನು. ಅವಳು ಕಾಲೇಜು ಕಲಿತು ಮಾಡುವ ಕೆಲಸ ಏನೆಂದರೆ, ನೊಣ ಕಟ್ಟುವುದು. ನಗಬೇಡಿ, ನಾನು ಆಗಲೇ ಸಾಕಷ್ಟು ನಕ್ಕಿದ್ದೇನೆ. ಉತ್ತರದಲ್ಲೆಲ್ಲೋ ಹಿಮ ಬೀಳುವ ಗುಡ್ಡಗಳ ಹೊಳೆಯಲ್ಲಿ ಶೋಕಿಗೆ ಮೀನು ಹಿಡಿಯುವವರು ಇದ್ದಾರಂತೆ. ಅವರು ಎರೆಹುಳ ಮುಟ್ಟುವುದಿಲ್ಲವಂತೆ. ಗಾಳದ ಬೆನ್ನಿಗೆ ಹುಂಜದ ಕುತ್ತಿಗೆಯ ಗರಿ, ಆಡಿನ ಕೂದಲು, ರೇಷ್ಮೆ ದಾರ ಸುತ್ತಿ ನೊಣದ ಹಾಗೆ ಮಾಡಿ ನೀರಿನ ಮೇಲೆ ಎಸೆಯುತ್ತಾರಂತೆ. ಮೀನು ನಂಬುತ್ತದಂತೆ. ಮೀನೂ ನನ್ನ ಹಾಗೆ ಮೂರನೇ ಇಯತ್ತೆಗೇ ಬಿಟ್ಟಿರಬೇಕು.

ಸುದ್ದಿ ತಿಳಿದ ದಿನವೇ ಪಕ್ಕದ ಮನೆಯ ಶಂಕ್ರವ್ವ ಗೋಡೆಯ ಮೇಲಿಂದ ಕತ್ತು ಹಾಕಿದಳು.

“ಯಕ್ಕಾ, ಸುಧಾ ನೊಣ ಕಟ್ಟಾಕತ್ತಾಳಂತ? ನಮ್ಮ ಕೊಟ್ಟಿಗ್ಯಾಗ ಬೇಕಾದಷ್ಟು ಅದಾವು. ಒಂದು ಚೀಲ ತುಂಬಿ ಕಳಸ್ಲೇನು?”

“ನೊಣ ನೀನ ಇಟ್ಕೋ. ನಿನ್ನ ಹುಂಜದ ಕುತ್ತಿಗಿ ಗರಿ ಅಷ್ಟ ಕೊಡು,” ಅಂದೆ.

“ನಮ್ಮ ಮದಗದ ಕೆರಿ ಮೀನಿಗೆ ಹಿಟ್ಟಿನ ಉಂಡಿ ಒಗದ್ರ ಸಾಕು ನೋಡವಾ. ಅವ್ರ ಮೀನಿಗೆ ಏನ್ ಇಷ್ಟು ಸೊಕ್ಕು!”

ಹೀಗೆ ಅಂದವಳೇ ಆ ಸಂಜೆ ಒಂದು ಹಿಡಿ ಕೆಂಪು ಗರಿ ತಂದುಕೊಟ್ಟಳು. ಶಂಕ್ರವ್ವನ ನಾಲಿಗೆ ಬೇರೆ, ಕೈ ಬೇರೆ.

ಮೊದಲು ಸುಧಾ ನಮ್ಮ ಯಜಮಾನರು ತಂತಿ ಕತ್ತರಿಸುತ್ತಿದ್ದ ಹಳೆಯ ಪಕ್ಕಡದಲ್ಲಿ ಗಾಳ ಕಚ್ಚಿಸಿ, ಹಿಡಿಕೆಗೆ ರಬ್ಬರ್ ಸುತ್ತಿ, ಅದನ್ನು ಎರಡು ಇಟ್ಟಂಗಿಯ ನಡುವೆ ಸಿಕ್ಕಿಸಿ ಕಟ್ಟುತ್ತಿದ್ದಳು. ಒಂದು ನೊಣಕ್ಕೆ ಅರ್ಧ ಹೊತ್ತು ಹೋಗುತ್ತಿತ್ತು. ಗಾಳದ ಆಚೆ ಮಗ್ಗುಲು ನೋಡಲು ಕತ್ತು ಗೂಬೆಯ ಹಾಗೆ ತಿರುಗಿಸಬೇಕಾಗುತ್ತಿತ್ತು. ಅವಳನ್ನು ನೋಡಿದಾಗಲೆಲ್ಲ ನನಗೆ ನನ್ನ ಕಾಲಿನ ಹೆಬ್ಬೆರಳು ನೆನಪಾಗುತ್ತಿತ್ತು.

ಏಕೆಂದರೆ ನಮ್ಮ ಮನೆಯ ಮೊದಲನೇ ಚಿಮಟಾ ಅದೇ. ಆಡೂರಿನಲ್ಲಿ ನಮ್ಮವ್ವ ಕೂಸುಗಳಿಗೆ ಉಡದಾರ ಹೊಸೆದು ಕೊಡುತ್ತಿದ್ದಳು, ಕೆಂಪು ಕರಿ ದಾರ ಕೂಡಿಸಿ. ಗುಡಿಯ ಮುಂದೆ ಅಕ್ಷರ ಕೊರೆದ ಹಳೆಯ ಕಲ್ಲೊಂದಿತ್ತು. ಯಾರ ಕಾಲದ್ದೋ, ಓದಲು ಊರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ನಾನು ಕಾಲು ಚಾಚಿ ಕೂರಬೇಕು. ದಾರದ ಕೊನೆ ನನ್ನ ಹೆಬ್ಬೆರಳಿಗೆ. ಅವ್ವ ಎದುರಿಗೆ ಕೂತು ಅಂಗೈಯಲ್ಲಿ ಹೊಸೆಯುವಳು. ಇರುವೆ ಹತ್ತಿದರೂ ಬೆರಳು ಅಲ್ಲಾಡುವ ಹಾಗಿಲ್ಲ. ಅಲ್ಲಾಡಿದರೆ ಹುರಿ ಬಿಚ್ಚುತ್ತದೆ, ಬಿಚ್ಚಿದರೆ ಬೆನ್ನಿಗೊಂದು ಗುದ್ದು. ಹಿಡಿದದ್ದನ್ನು ಬಿಡಬಾರದು. ಹಿಡಿಯುವುದಕ್ಕೆ ಅದೊಂದೇ ಕೆಲಸ, ಅದು ಬೆರಳಾಗಲಿ, ಕಬ್ಬಿಣವಾಗಲಿ.

ಆದ್ದರಿಂದ ತಿರುಗೋ ಚಿಮಟಾ ಪಾರ್ಸಲ್ಲಿನಲ್ಲಿ ಬಂದ ದಿನ ನಾನು ಅದನ್ನು ಕುಡುಗೋಲು ಕೊಳ್ಳುವ ಹಾಗೆಯೇ ನೋಡಿದೆ. ಉಗುರಿನಿಂದ ಬಡಿದು ದನಿ ಕೇಳಿದೆ. ಕಾಲು ದಬ್ ಅಂದಿತು, ಬಾಯಿ ಟಿಣ್ ಅಂದಿತು.

“ಕಾಲು ಬೀಡು, ಬಾಯಿ ಉಕ್ಕು. ಕಾಲಿಗೆ ಬಣ್ಣ ಬಳದು ಮೋಸ ಮಾಡ್ಯಾರ, ಬಾಯಿಗೆ ಮಾಡಿಲ್ಲ,” ಅಂದೆ.

ಸುಧಾ ನಕ್ಕಳು. “ಸಸ್ತಾದ್ದು ಆಯಿ. ಚಲೋವು ಇದರ ಹತ್ತರಷ್ಟು ಹೇಳ್ತಾರ. ಎಂಟು ದಿನ ಇಟ್ಕೊಂಡು ನೋಡಬಹುದು. ಸರಿ ಬರ್ಲಿಲ್ಲಂದ್ರ ವಾಪಸ್ ಒಯ್ತಾರ. ಅಲ್ಲೀತನಕ ನೀ ಮಾತ್ರ ಇದಕ್ಕ ಕೈ ಹಚ್ಚಬ್ಯಾಡ.”

ಅವಳೂ ತನ್ನ ರೀತಿಯಲ್ಲಿ ಪರೀಕ್ಷೆ ಮಾಡಿದಳು. ನಮ್ಮ ಜಾಲಿ ಹಲಗೆಯ ಮೇಜು ದಪ್ಪವಾಗಿ ಚಿಮಟಾದ ಕಾಲು ಹಿಡಿಯಲಿಲ್ಲ. ಹೊಲಿಗೆ ಯಂತ್ರದ ಹಲಗೆಗೆ ಬಿಗಿದಳು, ಹಿಡಿಯಿತು. ಸಣ್ಣ ಗಾಳ ಕಚ್ಚಿಸಿ ಹೆಬ್ಬೆರಳಿನಿಂದ ಒತ್ತಿದಳು, ಜಾರಲಿಲ್ಲ. ಹಿಡಿಕೆ ತಿರುವಿ ಕಣ್ಣು ಕಿರಿದು ಮಾಡಿ ನೋಡಿದಳು, ಗಾಳದ ಬೆನ್ನು ಅತ್ತಿತ್ತ ಓಲಾಡಲಿಲ್ಲ. ಅರ್ಧ ತಿರುವಿ ಕೈಬಿಟ್ಟಳು, ಬಿಟ್ಟಲ್ಲೇ ನಿಂತಿತು. ಎರಡು ದಿನದಲ್ಲಿ ಐದು ನೊಣ ಕಟ್ಟಿದಳು. ಒಂದರ ಪಕ್ಕ ಒಂದಿಟ್ಟರೆ ಐದೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು.

ಆ ಹಿಮದ ಗುಡ್ಡದ ಊರಲ್ಲಿ ಇಂಥ ನೊಣ ಮಾರುವ ಅಂಗಡಿಯವರು ಸುಧಾಗೆ ಕೇಳಿದ್ದು ಅದನ್ನೇ. ಹನ್ನೆರಡು ನೊಣ, ಹನ್ನೆರಡೂ ಒಂದೇ ನಮೂನೆ, ಹಬ್ಬ ಕಳೆದ ಮೇಲಿನ ಸೋಮವಾರ ಟಪಾಲಿಗೆ ಬೀಳಬೇಕು. ಸರಿಬಂದರೆ ವರ್ಷವಿಡೀ ಕೆಲಸ. ಒಂದು ಎಡವಟ್ಟಾದರೂ ಮತ್ತೆ ಕಳಿಸಬೇಡಿ ಎಂದು ಖಡಾಖಂಡಿತ ಹೇಳಿದ್ದರು. ಸುಧಾ ಒಬ್ಬಳದೇ ಆಗಿದ್ದರೆ ಹೋಗಲಿ. ಅವಳ ಜೊತೆ ಕಲಿಯಲು ನಿಂತ ಹೆಣ್ಣುಮಕ್ಕಳು ನಾಲ್ವರು, ಇಬ್ಬರು ನಮ್ಮ ಮಾಸೂರಿನವರು, ಇಬ್ಬರು ಚಿಕ್ಕೇರೂರಿನವರು. ಈ ಚಿಮಟಾ ತರಿಸುವುದೋ ಬಿಡುವುದೋ ಎಂದು ನಾಲ್ವರೂ ಸುಧಾಳ ಬಾಯಿ ನೋಡುತ್ತಿದ್ದರು.

ಮೂರನೇ ದಿನ ಮಹಾನವಮಿ, ಖಂಡೆ ಪೂಜೆ.

ನಮ್ಮ ಮನೆಯಲ್ಲಿ ಕಬ್ಬಿಣ ಎಂಬುದೆಲ್ಲ ಆ ದಿನ ದೇವರ ಮುಂದೆ ಬಂದು ಕೂರಬೇಕು. ಕುಡ, ಕೊಡಲಿ, ಕುಡುಗೋಲು, ಸಲಿಕೆ, ಈಳಿಗೆ, ಪಂಪಿನ ಪಾನಾ, ಎಲ್ಲ. ತೊಳೆದು, ಎಣ್ಣೆ ಸವರಿ, ಅರಿಷಿಣ ಕುಂಕುಮ ಇಡಬೇಕು. ಹೊಸ ಕಬ್ಬಿಣ ಮನೆಗೆ ಬಂದ ವರ್ಷವೇ ಪೂಜೆ ತಪ್ಪಿದರೆ ಅದು ಮನೆಯವರ ಕೈ ಕೊಯ್ಯುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದಳು. ನಾನು ದೇವರಿಗೆ ಹೆಚ್ಚು ಹೆದರುವವಳಲ್ಲ. ಆದರೆ ನಮ್ಮತ್ತೆ ಸತ್ತು ಇಪ್ಪತ್ತು ವರ್ಷವಾದರೂ ಅವಳಿಗೆ ಹೆದರುತ್ತೇನೆ.

ಸುಧಾ ಆ ದಿನ ಚಿಕ್ಕೇರೂರಿಗೆ ಹೋಗಿದ್ದಳು, ಆ ಇಬ್ಬರು ಹುಡುಗಿಯರಿಗೆ ಐದು ನೊಣ ತೋರಿಸಲು. ಚಿಮಟಾ ಹೊಲಿಗೆ ಯಂತ್ರದ ಮೇಲೆ ಒಂದೇ ನಿಂತಿತ್ತು. ಬಿಚ್ಚಿ ತಂದು ಕುಡುಗೋಲಿನ ಪಕ್ಕ ಇಟ್ಟೆ. ಮೇಲೆ ಮೇಲೆ ಎಣ್ಣೆ ಸವರಿ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಾನು ಚಕ್ಕಡಿಯ ಮನೆಯಲ್ಲಿ ಬೆಳೆದವಳು. ತಿರುಗುವುದಕ್ಕೆಲ್ಲ ಎಣ್ಣೆ ಉಣಿಸಬೇಕು ಎಂಬುದು ನನ್ನ ಕೈಗೆ ಹತ್ತಿದ ಚಟ. ಗಾಲಿಯ ಕೀಲು, ಬಾಗಿಲಿನ ಕೀಲು, ಹೊಲಿಗೆ ಯಂತ್ರದ ತೂತು, ಕಂಡಲ್ಲೆಲ್ಲ ಹನಿ ಬಿಡುತ್ತೇನೆ. ದವಡೆ ತೆರೆದು ಒಳಗೆ ಎರಡು ಹನಿ ಔಡಲೆಣ್ಣೆ ಬಿಟ್ಟೆ. ತಿರುಗುವ ದಿಂಡಿನ ಪಕ್ಕ, ಅದನ್ನು ಬಿಟ್ಟಲ್ಲೇ ಅದುಮಿ ನಿಲ್ಲಿಸುವ ಒಂದು ಪುಟ್ಟ ತಿರುಪು ಇತ್ತು, ಅದರ ಬುಡಕ್ಕೂ ಎರಡು. ಹಿಡಿಕೆ ತಿರುವಿ ನೋಡಿದೆ. ಬೆಣ್ಣೆಯ ಹಾಗೆ ತಿರುಗಿತು. ಶಹಬ್ಬಾಸ್ ಎಂದುಕೊಂಡೆ.

ಸಂಜೆ ಸುಧಾ ಬರುವುದರೊಳಗೆ ಕುಂಕುಮ ಒರೆಸಿ ಇದ್ದಲ್ಲೇ ಬಿಗಿದು ಇಟ್ಟೆ. ಕೈ ಹಚ್ಚಬೇಡ ಅಂದಿದ್ದಳಲ್ಲ. ಸೊಸೆ ನೀಲವ್ವ ಅಡಿಗೆ ಮನೆಯಲ್ಲಿ ಹೋಳಿಗೆಯ ಗದ್ದಲದಲ್ಲಿದ್ದಳು. ಯಾರೂ ನೋಡಲಿಲ್ಲ.

ಬನ್ನಿ ಕೊಟ್ಟು ತಗೊಂಡು ಹಬ್ಬ ಮುಗಿಸಿ ಸುಧಾ ಮತ್ತೆ ಕೂತದ್ದು ಬುಧವಾರ. ಗಾಳ ಕಚ್ಚಿಸಿ ದಾರ ಬಿಗಿದಳು, ಗಾಳ ತಲೆ ತಗ್ಗಿಸಿತು. ಮತ್ತೆ ಬಿಗಿದಳು, ಮತ್ತೆ ತಗ್ಗಿತು. ದಾರದ ಉರುಳೆ ಜೋತುಬಿಟ್ಟರೆ ಆ ಭಾರಕ್ಕೇ ತಲೆ ತಾನಾಗಿ ತಿರುಗಿ ಸುತ್ತಿದ್ದೆಲ್ಲ ಬಿಚ್ಚಿಕೊಳ್ಳತೊಡಗಿತು. ಹಾಗೂ ಹೀಗೂ ಒಂದು ಮುಗಿಸಿ ಎಳೆದು ನೋಡಿದರೆ ನೊಣ ಗಾಳದಿಂದ ಉಂಗುರದ ಹಾಗೆ ಕಳಚಿ ಅವಳ ಕೈಗೆ ಬಂತು. ಅದನ್ನು ನೆಲಕ್ಕೆ ಎಸೆದಳು. ಕಸ ಗುಡಿಸುವಾಗ ಎತ್ತಿ ಮೂಸಿದೆ. ಔಡಲೆಣ್ಣೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಆರಿಹೋಗುತ್ತದೆ ಎಂದುಕೊಂಡೆ. ಔಡಲೆಣ್ಣೆ ಆರುವುದಿಲ್ಲ ಎಂದು ಅರವತ್ತು ವರ್ಷ ತಲೆಗೆ ಅದನ್ನೇ ಹಚ್ಚಿಕೊಂಡ ನನಗೆ ಗೊತ್ತಿರಬೇಕಿತ್ತು. ಗುರುವಾರ ಅವಳು ಜಳಕಕ್ಕೆ ಹೋದಾಗ ಸೆರಗಿನಿಂದ ದವಡೆ ಒರೆಸಿದೆ. ಸೆರಗಿಗೆ ಎಣ್ಣೆ ಬಂತು, ದವಡೆಗೆ ಸೆರಗಿನ ಅರಿವೆಯ ಎಳೆ ಹೋಯಿತು. ಅವಳು ಬಂದು ಕೂತು, “ಇದೇನಿದು, ಇದರ ಬಾಯಾಗ ಜುಂಗು?” ಅಂದಳು. ನಾನು ಅವರೆಕಾಯಿ ಸುಲಿಯುತ್ತ ಕೂತೆ.

ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಶನಿವಾರ ವಾಪಸ್ ಒಯ್ಯುವ ಕಡೆಯ ದಿನ. ಸೋಮವಾರ ಟಪಾಲು. ಅವಳ ಕೈಯಲ್ಲಿ ಇದ್ದದ್ದು ಮೊದಲಿನ ಐದೇ ನೊಣ.

ಶುಕ್ರವಾರ ಮೂರು ಗಂಟೆಯ ಹೊತ್ತಿಗೆ ಶಂಕ್ರವ್ವ ಬಂದಳು, ಸೊಂಟದ ಮೇಲೆ ಮಗಳ ಕೂಸು. ಅಂಬೆಗಾಲಿಡುವ ಹೆಣ್ಣುಕೂಸು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಕೂಸನ್ನು ಕೆಳಗೆ ಬಿಟ್ಟು ಚಿಮಟಾದ ಕಡೆ ಬಗ್ಗಿದಳು.

“ಏನಂತೈತಿ ನಿನ್ನ ನೊಣದ ಮಶೀನು?”

“ಮಾತಾಡಿಸಬ್ಯಾಡ್ರಿ ಅಕ್ಕಾರ, ಮೊದಲ ತಲಿ ಕೆಟ್ಟೈತಿ,” ಅಂದಳು ಸುಧಾ. ಹಲ್ಲು ಕಚ್ಚಿ ದಾರ ಎಳೆದಳು. ಟಿಕ್ ಎಂದಿತು. ದವಡೆಯಲ್ಲಿ ಗಾಳ ಇರಲಿಲ್ಲ. ದಾರ ಹರಿದು ಅವಳ ಕೈಯಲ್ಲಿ ಜೋತಿತ್ತು.

“ಗಾಳ ಎಲ್ಲಿ?” ಎಂದಳು ನೀಲವ್ವ ಬಾಗಿಲಿನಿಂದ.

ಎಲ್ಲರೂ ಕೂಸಿನ ಕಡೆ ನೋಡಿದೆವು. ಕೂಸು ಏನನ್ನೋ ಚೀಪುತ್ತಿತ್ತು.

ಶಂಕ್ರವ್ವ ಕೂಗಲೂ ಇಲ್ಲ. ಕೂಸನ್ನು ಎತ್ತಿ, ಬೆರಳು ಬಾಯಿಗೆ ಹಾಕಿ ಒಳಗಿದ್ದದ್ದನ್ನು ಹೊರಗೆ ಎಳೆದಳು. ಅವರೆಕಾಯಿಯ ಸಿಪ್ಪೆ. ಮತ್ತೆ ಬೆರಳು ಹಾಕಿದಳು. ನಾಲಿಗೆಯ ಕೆಳಗೆ, ಒಸಡಿನ ಮೇಲೆ, ಗಲ್ಲದ ಸಂದಿಗೆ. ಕೂಸು ಅಳತೊಡಗಿತು. “ಅಳ್ಲಿ, ಅಳ್ಲಿ, ಅತ್ರ ಬಾಯಿ ಕಾಣ್ತೈತಿ,” ಎಂದಳು ನೀಲವ್ವ. ಬಾಯಲ್ಲಿ ಏನೂ ಇರಲಿಲ್ಲ. ನುಂಗಿದ್ದರೆ? ಸುಧಾ ನೆಲದ ಮೇಲೆ ಅಂಗೈ ಆಡಿಸುತ್ತ ಮೊಣಕಾಲೂರಿ ಹುಡುಕುತ್ತಿದ್ದಳು. ಅಕ್ಕಿಕಾಳಿನಷ್ಟು ಗಾಳ ಅದು. ನಾನು ಎದ್ದೆ. ಚಾಪೆ ಝಾಡಿಸಿದೆ, ಯಂತ್ರದ ಕೆಳಗೆ ಬಗ್ಗಿದೆ, ಬಾಗಿಲ ತನಕ ಹೋಗಿ ಬಂದೆ.

“ಆಯಿ, ನಿಂದ್ರು,” ಎಂದಳು ಸುಧಾ ನೆಲದಿಂದಲೇ. “ಕಾಲು ಎತ್ತು.”

ಗಾಳ ನನ್ನ ಹಿಮ್ಮಡಿಯಲ್ಲಿತ್ತು. ಒಡೆದ ಹಿಮ್ಮಡಿಯ ಸೀಳಿನೊಳಗೆ ಕಚ್ಚಿಕೊಂಡು ಕೂತಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಎಪ್ಪತ್ತು ವರ್ಷ ಗದ್ದೆ ತುಳಿದ ಚರ್ಮ, ಅದರೊಳಗೆ ಗಾಳ ಅಲ್ಲ ಗುದ್ದಲಿ ಸಿಕ್ಕರೂ ಗೊತ್ತಾಗದು. ಕೂಸಿನ ಬಾಯಿಗೆ ಹೋಗಬೇಕಾದ್ದು ನನ್ನ ಕಾಲಿಗೆ ಬಂದಿತ್ತು.

ಶಂಕ್ರವ್ವ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದಳು. ಆಗ ಅವಳ ನಾಲಿಗೆ ಬಂತು.

“ಸುಧವ್ವಾ, ಅದನ್ನ ಇವತ್ತ ಕಟ್ಟಿ ಇಡು. ಸಸ್ತಾ ಅಂತ ತಂದು ಯಾರದರ ಕಣ್ಣು ಕಳದೀ. ಹಿಡೀಲಾರದ್ದು ಎಂಥಾ ಚಿಮಟಾ ಅದು!”

“ಹೌದ್ರಿ,” ಎಂದಳು ಸುಧಾ. ಸೂಜಿ ಕಾಯಿಸಿ ನನ್ನ ಹಿಮ್ಮಡಿಯಿಂದ ಗಾಳ ತೆಗೆದಳು. ಅವಳ ಕೈ ಹಿಡಿದು ಹೇಳಿಬಿಡಬಹುದಿತ್ತು. ಶಂಕ್ರವ್ವ ಎದುರಿಗೇ ನಿಂತಿದ್ದಳು, ಕೂಸು ಇನ್ನೂ ಬಿಕ್ಕುತ್ತಿತ್ತು. ನನಗೆ ಧೈರ್ಯ ಬರಲಿಲ್ಲ. ಊರಿನವರಿಗೆಲ್ಲ ಮುಖದ ಮೇಲೆ ಹೇಳುವವಳು ಎಂದು ನನಗೆ ಹೆಸರಿದೆ. ಅದು ಅವರವರ ತಪ್ಪು ಹೇಳುವಾಗ.

ಆಮೇಲೆ ಸುಧಾ ಪೆಟ್ಟಿಗೆ ಹುಡುಕಿ ತಂದು ಚಿಮಟಾ ಒಳಗಿಟ್ಟು ಟೇಪು ಸುತ್ತಿದಳು. ಫೋನು ಕಿವಿಗೆ ಹಿಡಿದು ನಾಲ್ವರಿಗೂ ಒಬ್ಬೊಬ್ಬರಿಗೆ ಹೇಳಿದಳು. ನಾನು ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ.

“ತಗೋಬ್ಯಾಡ ಅದನ್ನ. ಮೊದಲ ಎರಡು ದಿನ ಚಂದ ನಡೀತೈತಿ, ಆಮ್ಯಾಲ ಬಾಯಿ ಬಿಡ್ತೈತಿ... ಇಲ್ಲ, ಬ್ಯಾರೇದು ನನ್ನ ಕೈಲೆ ಆಗೂದಿಲ್ಲ... ಹನ್ನೆರಡು ಎಲ್ಲಿಂದ ಕಳಸ್ಲಿ? ಬಿಟ್ಬಿಡೂಣು.”

ಬಿಟ್ಬಿಡೂಣು ಎಂದು ನಾಲ್ಕು ಸಲ ಅಂದಳು.

ಆಗ ನನಗೆ ಹಾನಗಲ್ಲಿನ ದಾರದ ಅಂಗಡಿಯವನು ನೆನಪಾದ. ಸಣ್ಣವಳಿದ್ದಾಗ ಒಂದು ಸಲ ಆಡೂರಿನ ಗುಡಿಯ ಆ ಕಲ್ಲಿನ ಹತ್ತಿರ ನಾನು ಬೆರಳು ಅಲ್ಲಾಡಿಸಿದ್ದೆ. ದಾರ ಜಾರಿತು. ಅವ್ವ ನೋಡುವುದರೊಳಗೆ ಮತ್ತೆ ಸಿಕ್ಕಿಸಿಕೊಂಡೆ. ಉಡದಾರ ಗಂಟುಗಂಟಾಗಿ ಬಂತು.

“ಏನ್ ಮಾಡ್ದಿ?” ಅಂದಳು ಅವ್ವ.

“ನಾ ಏನೂ ಮಾಡಿಲ್ಲವಾ. ದಾರನ ಕೆಟ್ಟೈತಿ.”

ಅವ್ವ ನಂಬಿದಳು. ಸಂತೆಯ ದಿನ ನನ್ನನ್ನೂ ಕರೆದುಕೊಂಡು ಹಾನಗಲ್ಲಿಗೆ ಹೋಗಿ, ಆ ಗಂಟುದಾರವನ್ನು ಅಂಗಡಿಯವನ ಮುಂದೆ ಎಸೆದು ನಾಲ್ಕು ಮಂದಿ ಕೇಳುವ ಹಾಗೆ ಬೈದಳು. ಅವನು ದಾರ ಎತ್ತಿ ಬೆಳಕಿಗೆ ಹಿಡಿದ, ಎಳೆದ, ಬಿಚ್ಚಿ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಏನೂ ಅನ್ನದೆ ಬೇರೆ ಲಡಿ ಕೊಟ್ಟ. ಅವನ ಮುಖ ಈಗ ನೆನಪಿಲ್ಲ. ಆದರೆ ಮುಂದೆ ಎಷ್ಟೋ ದಿನ ಅವ್ವ ಹೇಳಿಕೊಂಡು ತಿರುಗುತ್ತಿದ್ದಳು: “ಅವನ ಕಡೆ ದಾರ ತಗೋಬ್ಯಾಡ್ರಿ ಅಂತ ನಮ್ಮ ಓಣಿಗೆಲ್ಲ ಹೇಳೇನಿ. ಒಬ್ಬಾಕೀನೂ ಹೋಗೂದಿಲ್ಲ.” ನಮ್ಮವ್ವ ಹೇಳಿದ್ದನ್ನು ನಮ್ಮ ಓಣಿ ಮೀರುತ್ತಿರಲಿಲ್ಲ. ಒಬ್ಬಾಕೆಯೂ ಹೋಗಲಿಲ್ಲ. ನಾನು ಮದುವೆಯಾಗಿ ಮಾಸೂರಿಗೆ ಬಂದೆ, ಅವ್ವ ಸತ್ತಳು. ನಾನು ಹೇಳಲೇ ಇಲ್ಲ.

ಆ ದಾರದವನ ಪಾಡು ಏನಾಯಿತೋ ಯಾರಿಗೆ ಗೊತ್ತು. ಈ ಸಲ ಪಾಡು ಯಾರದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಪಡಸಾಲೆಯಲ್ಲಿ ಉಳಿದ ಗರಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಉಣ್ಣಲು ಕರೆದರೆ ಹಸಿವಿಲ್ಲ ಅಂದಳು. ನಾನು ಉಂಡೆ. ಎರಡು ರೊಟ್ಟಿ ಉಂಡೆ. ಸುಳ್ಳು ಯಾಕೆ ಹೇಳಲಿ?

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಖಂಡೆ ಪೂಜೆಯಲ್ಲಿ ಕುಂಕುಮ ಇಟ್ಟಿದ್ದ ಅದೇ ಕುಡುಗೋಲು ತಗೊಂಡು ಪಾರ್ಸಲ್ಲಿನ ಹೊಟ್ಟೆ ಸೀಳಿದೆ. ಅಂಟವಾಳದ ಬಿಸಿನೀರು ಮಾಡಿ, ದೀಪದ ಬತ್ತಿ ಹೊಸೆದು, ದವಡೆಯ ಒಳಗೆ, ದಿಂಡಿನ ಸಂದಿಗೆ, ತಿರುಪಿನ ಬುಡಕ್ಕೆ ಹಾಕಿ ಹಾಕಿ ಎಳೆದೆ. ಒಂಬತ್ತನೇ ಬತ್ತಿ ಬೆಳ್ಳಗೆ ಬಂತು. ಒಲೆಯ ಕಾವಿಗೆ ಹಿಡಿದು ಒಣಗಿಸಿ, ಯಂತ್ರದ ಹಲಗೆಗೆ ಬಿಗಿದು, ಒಂದು ಗಾಳ ಕಚ್ಚಿಸಿದೆ. ಹೆಬ್ಬೆರಳಿನಿಂದ ಒತ್ತಿದೆ. ನನ್ನ ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಗಾಳ ಬಾಗಿತು. ದವಡೆ ಬಿಡಲಿಲ್ಲ.

ತಿರುಗಿ ನೋಡಿದರೆ ಸುಧಾ ಬಾಗಿಲಲ್ಲಿ ನಿಂತಿದ್ದಳು, ಕೆಳಗೆ ಬಿದ್ದ ಎಣ್ಣೆಬತ್ತಿಗಳನ್ನು ನೋಡುತ್ತ.

“ಪಾರ್ಸಲ್ ಯಾಕ ಒಡದಿ? ಹನ್ನೊಂದಕ್ಕ ವಾಪಸ್ ಒಯ್ಯಾಂವ ಬರ್ತಾನ.”

“ಬಂದ್ರ ಹೋಗು ಅಂತೇನಿ. ಇದರ ಬಾಯಾಗ ಔಡಲೆಣ್ಣಿ ಬಿಟ್ಟಾಕಿ ನಾನು. ಖಂಡೆ ಪೂಜಿ ದಿನ. ನೀ ಇರ್ಲಿಲ್ಲ.”

ಅವಳು ಬಂದು ಬತ್ತಿ ಎತ್ತಿ ಮೂಸಿದಳು. ಹಿಡಿಕೆ ಅರ್ಧ ತಿರುವಿ ಕೈಬಿಟ್ಟಳು. ನಿಂತಿತು.

“ಮೂರು ದಿನ ನೋಡ್ಕೋತ ಕುಂತಿದ್ದಿ. ನಿನ್ನೆ ಆ ಕೂಸು... ಯಾಕ ಹೇಳ್ಲಿಲ್ಲ ಆಯಿ?”

“ಹೆದ್ರಿದ್ದೆ.”

ಅವಳು ನನ್ನ ಮುಖ ನೋಡಲಿಲ್ಲ. ಬಾಗಿದ ಗಾಳ ತೆಗೆದು ಎಸೆದು ಹೊಸದು ಕಚ್ಚಿಸಿದಳು, ಗರಿಯ ಡಬ್ಬಿ ಎಳೆದುಕೊಂಡು ಕೂತಳು. ಏಳು ನೊಣ ಬಾಕಿ ಇತ್ತು. ನಾನು ಅಲ್ಲಿ ನಿಂತು ಮಾಡುವುದೇನೂ ಇರಲಿಲ್ಲ.

“ಆ ನಾಕೂ ಮಂದಿಗೆ ಏನಂತ ಹೇಳ್ಲಿ?” ಎಂದಳು ತಲೆ ಎತ್ತದೆ.

“ನೀ ಯಾಕ ಹೇಳ್ತಿ? ಫೋನ್ ಹಚ್ಚಿ ಕೊಡು, ನಾ ಹೇಳ್ತೇನಿ. ಅದಕಿಂತ ಮೊದಲ ಇನ್ನೊಬ್ಬಾಕಿಗೆ ಹೇಳೂದೈತಿ.”

ಹಿತ್ತಲಿಗೆ ಹೋಗಿ, ಗೋಡೆಯ ಬಳಿ ಬೀಸುವ ಕಲ್ಲಿನ ಮೇಲೆ ಹತ್ತಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ.

“ಶಂಕ್ರವ್ವಾ, ಹೊರಗ ಬಾ. ಕೂಸಿನ್ನೂ ಎತ್ಕೊಂಡು ಬಾ.”